ಹಡಗು ಬರ್ತಾವ ಅಂದ ಬಾಳಪ್ಪ ಕಾಕಾ

ಬಾಳಪ್ಪ ಕಾಕಾ ಯಾವ ಎಂಜಿನ್ನನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಅವರ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುತ್ತಿರುವ ಮೋಟರಿನ ಮೈಗೆ ಊರಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಂದು ನಿಮಿಷ, ಎರಡು ನಿಮಿಷ. ಸುತ್ತ ನಿಂತವರು ಕೆಮ್ಮಿದರೂ ಕೈಯೆತ್ತಿ ಸುಮ್ಮನಾಗಿಸುತ್ತಿದ್ದರು. ಆಮೇಲೆ ಕಣ್ಣು ತೆರೆದು ರೋಗ ಯಾವುದೆಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಆ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ನನಗೆ ಅವರ ಪರಿಚಯವಾದದ್ದೇ ಜಗಳದಿಂದ. ಕುಲಗೋಡದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ನನ್ನ ಮೋಟರ್ ರಿವೈಂಡಿಂಗ್ ಅಂಗಡಿ. ಒಂದು ದಿನ ಕೌಜಲಗಿಯ ರೈತರೊಬ್ಬರು ಬಾವಿಯ ಮೋಟರ್ ತಂದಿದ್ದರು. ಓಡುತ್ತಿತ್ತು, ಆದರೆ ವಿಪರೀತ ಕಾಯುತ್ತಿತ್ತು. ಕಾಯಿಲ್ ಹೋಗಲು ಬಂದಿದೆ, ಪೂರ್ತಿ ಬಿಚ್ಚಿ ಸುತ್ತಬೇಕು ಎಂದು ನಾನು ಹೇಳಿ ಮುಗಿಸಿದ್ದೆ. ಫ್ಯಾನ್ ರಿಪೇರಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ, ಹಣೆಯ ಮೇಲೆ ಸುಟ್ಟ ಗಾಯದ ಕಲೆಯಿದ್ದ ಒಬ್ಬ ಎತ್ತರದ ಮನುಷ್ಯ ಕೇಳದೆಯೇ ಒಳಗೆ ಬಂದು ಸ್ಕ್ರೂಡ್ರೈವರ್ ಊರಿ ನಿಂತರು.

"ತಮ್ಮಾ, ಕಾಯಿಲ್ ಗಟ್ಟಿ ಐತಿ. ಹಿಂದಿನ ಬೇರಿಂಗ್ ಅಳಾಕತ್ತೈತಿ, ಅದನ್ನಷ್ಟ ಬದಲಿ ಮಾಡಿ ಕಳಸು" ಎಂದರು.

ಗಿರಾಕಿಯ ಎದುರಿಗೇ ಹೀಗೆ ಹೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಿಮ್ಮ ಫ್ಯಾನ್ ನೀವೇ ರಿಪೇರಿ ಮಾಡಿಕೊಳ್ಳಿ ಎಂದು ಕಳಿಸಿಬಿಟ್ಟೆ. ಅವರು ಹೋದ ಮೇಲೆ ಹಟಕ್ಕೆ ಬಿಚ್ಚಿ ನೋಡಿದರೆ ಬೇರಿಂಗೇ. ಮರುದಿನ ಕಾಕಾ ಮತ್ತೆ ಬಂದರು. ನಿನ್ನೆ ಏನೂ ನಡೆದಿಲ್ಲ ಎಂಬಂತೆ ಎರಡು ಚಹಾ ಹೇಳಿ, ಬೆಂಚಿನ ಮೇಲೆ ಕುಳಿತು, ನನ್ನ ಕೈಯ ಸ್ಪ್ಯಾನರ್ ತೋರಿಸಿ, "ಕಿವಿ ಮೊದಲ, ಪಾನಾ ಆಮ್ಯಾಲ, ತಿಳೀತಿಲ್ಲೋ?" ಎಂದರು. ಆ ಬೆಂಚು ಆವತ್ತಿನಿಂದ ಅವರದೇ ಆಯಿತು.

ಕಾಕಾ ಕುಲಗೋಡದವರೇ. ಹರೆಯದಲ್ಲಿ ಮುಂಬಯಿಗೆ ಹೋದವರು ಯಾರದೋ ಪರಿಚಯ ಹಿಡಿದು ಹಡಗು ಹತ್ತಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಂಜಿನ್ ಕೋಣೆಯಲ್ಲಿ ದುಡಿದು ಊರಿಗೆ ಮರಳಿದ್ದರು. ಹಿಡಕಲ್ ಡ್ಯಾಮಿಗಿಂತ ದೊಡ್ಡ ನೀರು ಕಾಣದ ನಮಗೆ ಅವರು ಜಹಾಜದ ಬಾಳಪ್ಪ. ಸಮುದ್ರ ಹೇಗಿರುತ್ತದೆ ಎಂದು ಕೇಳಿದರೆ, "ನನಗೇನ್ ಗೊತ್ತೋ, ನಾ ಕೆಳಗಿದ್ದಾವ" ಎಂದು ನಗುತ್ತಿದ್ದರು. ನೆಲ ಅಲುಗದ ಊರಿಗೆ ಬಂದು ಎಷ್ಟೋ ವರ್ಷವಾದರೂ ಚಹಾದ ಗ್ಲಾಸನ್ನು ಮೇಜಿನ ಅಂಚಿಗೆ ಇಡುತ್ತಿರಲಿಲ್ಲ. ನಾನು ಇಟ್ಟರೆ ಮಾತಿನ ನಡುವೆಯೇ ಕೈ ಚಾಚಿ ನಡುವಿಗೆ ಸರಿಸುತ್ತಿದ್ದರು. ತೆರೆದ ಬಾಗಿಲಿಗೆ ಕೊಂಡಿ ಹಾಕದೆ ದಾಟುತ್ತಿರಲಿಲ್ಲ. ಒಂದು ಹನಿ ಡೀಸೆಲ್ಲನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ಅದರಲ್ಲಿ ಸೀಮೆಎಣ್ಣೆ ಬೆರೆತಿದೆಯೋ ಇಲ್ಲವೋ ಹೇಳುತ್ತಿದ್ದರು. ನಾಗನೂರಿನಿಂದ, ಮೂಡಲಗಿಯಿಂದ ಕೂಡ ಜನ ಬೈಕ್ ತಂದು ಅವರನ್ನು ಹಿಂದೆ ಕೂರಿಸಿಕೊಂಡು ಹೊಲಕ್ಕೆ ಕರೆದೊಯ್ಯುತ್ತಿದ್ದರು. ದುಡ್ಡು ಕೊಟ್ಟರೆ ಬಯ್ಯುತ್ತಿದ್ದರು. ಅವರು ಹಡಗಿನಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಿದ್ದರು, ಮಣ್ಣಿಗೂ ಬರಲಾಗಿರಲಿಲ್ಲ. "ಊರಿಗೆ ನಾ ಏನೂ ಮಾಡ್ಲಿಲ್ಲೋ ಮಾರುತಿ, ಬರೇ ಪಗಾರ ಕಳಿಸಿದ್ನಿ" ಎಂದು ಆಗಾಗ ಅನ್ನುತ್ತಿದ್ದರು.

ಹಡಗಿನ ಎಣ್ಣೆಯ ಮಾತು ನಮ್ಮ ಊರಿಗೆ ಬಂದದ್ದು ಅವರಿಂದಲೇ. ಹಡಗುಗಳು ಕುಡಿಯುವುದು ಡಾಂಬರಿನಂತಹ ಕರಿ ಎಣ್ಣೆ, ಕಾಯಿಸದೆ ಹರಿಯುವುದೇ ಇಲ್ಲ. ಅದರ ಹೊಗೆಗೆ ಜಗತ್ತೇ ಬೇಸತ್ತಿದೆ. ಈಗ ಮೆಥನಾಲ್ ಎಂಬ ತಿಳಿ ಇಂಧನದ ಮೇಲೆ ಓಡುವ ಎಂಜಿನ್ನುಗಳು ಬರುತ್ತಿವೆ ಎಂದು ಹೇಳುತ್ತಿದ್ದರು. "ಅದನ್ನ ಕಬ್ಬಿನ ರವದಿಯಿಂದನೂ ಮಾಡಾಕ ಬರತೈತಂತ" ಎಂದಾಗ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆ ರವದಿ. ನಾವು ಅದಕ್ಕೆ ಬೆಂಕಿ ಹಚ್ಚುವವರು. ನಮ್ಮ ರವದಿಯಿಂದ ಹಡಗು ಓಡುತ್ತದೆ ಎಂದರೆ ಯಾರು ನಂಬಬೇಕು?

ಆದರೆ ಒಂದು ದಿನ ಅದೇ ಮಾತನ್ನು ಕಾರಿನಲ್ಲಿ ಬಂದವನೊಬ್ಬ ಆಡಿದ. ಕರಾವಳಿಯ ಕಡೆಯ ಯಾವುದೋ ಕಂಪನಿಯ ಮನುಷ್ಯ. ರವದಿಯಿಂದ ಮೆಥನಾಲ್ ಮಾಡುವ ಯಂತ್ರ ನಾವು ತರುತ್ತೇವೆ, ಜಾಗ, ಕಾಂಕ್ರೀಟ್ ಅಂಗಳ, ಇಂಧನ ತುಂಬಿಡುವ ಟಾಕಿಗಳನ್ನು ನಿಮ್ಮ ರೈತರ ಸೊಸೈಟಿ ಕಟ್ಟಲಿ. ಬಂದರಿನಲ್ಲಿ ಹಡಗುಗಳಿಗೆ ತುಂಬುವುದು ನಮ್ಮ ಹೊಣೆ ಎಂದ. ಹುಕ್ಕೇರಿ ಕಡೆಯ ಎರಡು ಊರುಗಳು ಆಗಲೇ ತಯಾರಾಗಿವೆ, ಮೊದಲು ಕಟ್ಟಿದವರಿಗೆ ಮೊದಲ ಯಂತ್ರ ಎಂದೂ ಸೇರಿಸಿದ. ಟಾಕಿಗೆ ಎಲ್ಲರ ಕಣ್ಣು ಬಿದ್ದದ್ದು ರಸ್ತೆಗೆ ಹತ್ತಿದ ಎರಡು ಎಕರೆಯ ಮೇಲೆ. ಅದು ಸಂಗವ್ವಕ್ಕನದು. ಗಂಡ ಹೋದ ಮೇಲೆ ಒಬ್ಬಳೇ ನಿಂತು ಕಬ್ಬು ಬೆಳೆಯುತ್ತಿದ್ದ ಎರೆಭೂಮಿ. ಅವಳಿಗೆ ಇದ್ದದ್ದು ಅಷ್ಟೇ. ಬಾಡಿಗೆಗೆ ಕೊಡು, ಮಗಳಿಗೆ ಅಲ್ಲೇ ನೌಕರಿ ಎಂದು ಸೊಸೈಟಿಯವರು ಹೇಳಿದ್ದರು. ಅವಳು ಸಭೆಯಲ್ಲಿ ಹೇಳುತ್ತೇನೆ ಎಂದಿದ್ದಳು.

ಸಭೆಯ ಹಿಂದಿನ ದಿನ ಕಾಕಾ ಬೆಂಚಿನ ಮೇಲೆ ಕುಳಿತಿದ್ದರು. ಚಹಾ ತಣ್ಣಗಾಗಿತ್ತು.

"ಮಾರುತಿ, ಒಂದ ಮಾತ ಹೇಳ್ತೇನಿ ಕೇಳು" ಎಂದರು. "ನಾ ಎರಡು ಬಂದರ ನೋಡೇನಿ. ಒಂದರಾಗ ಹೊಸಾ ಇಂಧನಕ್ಕ ಮೊದಲ ಟಾಕಿ ಕಟ್ಟಿದ್ರು. ಹಡಗ ಬರ್ಲಿಲ್ಲ. ನಾವು ಹೋದಾಗೆಲ್ಲಾ ಅದರ ಮ್ಯಾಲ ಹಕ್ಕಿ ಕುಂತಿರತಿದ್ವು. ಕಟ್ಟಿದವ ಮುಳುಗಿದಾ, ಆಮ್ಯಾಲ ಹಡಗ ಬಂದ್ವು. ಇನ್ನೊಂದರಾಗ ತಡದ್ರು, ನೋಡೂಣು ನೋಡೂಣು ಅಂದ್ರು. ಹಡಗೆಲ್ಲಾ ಬಾಜೂ ಬಂದರಕ್ಕ ಹ್ವಾದ್ವು. ಹಡಗಿನವ್ರು ಇಂಧನ ಎಲ್ಲಾ ಕಡೆ ಸಿಗಲಿ, ಆಮ್ಯಾಲ ಎಂಜಿನ್ ಹಾಕತೇವಿ ಅಂತಾರ. ಇಂಧನದವ್ರು ಹಡಗ ಬರಲಿ, ಆಮ್ಯಾಲ ಟಾಕಿ ಕಟ್ಟತೇವಿ ಅಂತಾರ. ನಡುವ ಕಟ್ಟಿದವ ಕಾಯಬೇಕಾಗತೈತಿ. ಕಂಪನಿಗೆ ಕಾಯಾಕ ತಾಕತ್ತ ಐತಿ. ಸಂಗವ್ವಗ ಎಲ್ಲೈತಿ?"

"ಅಂದ್ರ ಬ್ಯಾಡ ಅಂತೀರೇನ್ರಿ?"

"ಬ್ಯಾಡ ಅನ್ನೂದಿಲ್ಲ. ಎರಡು ವರ್ಷ ತಡೀರಿ ಅಂತೇನಿ. ಬಂದರದಾಗ ಅವರು ತಮ್ಮ ಟಾಕಿ ಮೊದಲ ಕಟ್ಟಲಿ."

ಇಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಆ ಯಂತ್ರಕ್ಕೆ ಹತ್ತಾರು ಮೋಟರುಗಳು ಬರುತ್ತವೆ, ಅವುಗಳ ನಿರ್ವಹಣೆ ಊರಿನವರಿಗೇ ಎಂದು ಕಂಪನಿಯವನು ನನ್ನ ಅಂಗಡಿಗೇ ಬಂದು ಹೇಳಿ ಹೋಗಿದ್ದ. ನಾನು ಮನಸ್ಸಿನಲ್ಲೇ ಗೋಕಾಕದಲ್ಲಿ ಎರಡನೇ ಅಂಗಡಿ ತೆರೆದಾಗಿತ್ತು. ಎರಡು ವರ್ಷ ಎಂಬ ಮಾತು ನನಗೆ ಸಹಿಸಲಾಗಲಿಲ್ಲ. ಹುಕ್ಕೇರಿಯವರು ಪಾಳಿ ಹೊಡೆದುಬಿಡುತ್ತಾರೆ ಎಂಬ ಹೆದರಿಕೆ ಬೇರೆ.

"ಕಾಕಾ, ಸಭಾದಾಗ ಇದನ್ನೆಲ್ಲಾ ಹೇಳಬ್ಯಾಡ್ರಿ" ಎಂದೆ. "ಮಂದಿ ಹೆದರತಾರ. ಬರ್ತಾವೋ ಇಲ್ಲೋ ಅಂತ ಕೇಳಿದ್ರ ಬರ್ತಾವ ಅನ್ರಿ. ಅದೇನ್ ಸುಳ್ಳಲ್ಲಲ್ರಿ? ಊರಿಗೆ ಏನೂ ಮಾಡ್ಲಿಲ್ಲ ಅಂತಿದ್ರಿ. ಈಗ ಮಾಡೂ ಹೊತ್ತಿನ್ಯಾಗ ಯಾಕ ಹಿಂದ ಸರೀತೀರಿ?"

ಆ ಕೊನೆಯ ಮಾತು ಎಲ್ಲಿ ತಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಕಾಕಾ ತಣ್ಣಗಾದ ಚಹಾ ಕುಡಿದು ಎದ್ದು ಹೋದರು.

ಸಭೆ ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ನಡೆಯಿತು. ಕಂಪನಿಯವನು ಒಂದು ಕಾಗದ ತಂದಿದ್ದ. ಹಡಗುಗಳ ಬೇಡಿಕೆ ನೋಡಿಕೊಂಡು ನಿಮ್ಮಿಂದ ಕೊಳ್ಳುವ ಉದ್ದೇಶ ನಮಗಿದೆ ಎಂದು ಅದರಲ್ಲಿತ್ತು. ಅಧ್ಯಕ್ಷರು ಅದನ್ನು ಎತ್ತಿ ಹಿಡಿದು, "ಚೀಟಿ ಬಂತ ನೋಡ್ರಿ" ಎಂದರು. ಹೊರಗಿನವರಿಗೆ ಇದು ತಿಳಿಯುವುದು ಕಷ್ಟ. ಕಬ್ಬು ಬೆಳೆಯುವ ನಮಗೆ ಚೀಟಿ ಎಂದರೆ ಒಂದೇ: ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆ ಕೊಡುವ ಚೀಟಿ. ಅದು ಕೈಗೆ ಬಂದರೆ ಅವತ್ತೇ ಕಡಿಯುವ ಗ್ಯಾಂಗು ಹೊಲಕ್ಕೆ ಇಳಿಯಬೇಕು. ಚೀಟಿ ಕೊಟ್ಟ ಮೇಲೆ ಕಾರ್ಖಾನೆ ನಿನ್ನ ಕಬ್ಬು ಬೇಡ ಎನ್ನುವುದಿಲ್ಲ. ಪಾಳಿ ತಪ್ಪಿದರೆ ಮಾತ್ರ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ಚೀಟಿ ಕಂಡರೆ ಯೋಚಿಸುವುದಲ್ಲ, ಕುಡಗೋಲು ಮಸೆಯುವುದು ನಮ್ಮ ಅಭ್ಯಾಸ. ಉದ್ದೇಶ ಎಂಬ ಪದವನ್ನು ಅವತ್ತು ಯಾರೂ ಎರಡನೇ ಸಲ ಓದಲಿಲ್ಲ.

ಹಿಂದೆ ಹೆಂಗಸರ ಸಾಲಿನಿಂದ ಸಂಗವ್ವಕ್ಕ ಎದ್ದು ನಿಂತಳು.

"ಬಾಳಪ್ಪಣ್ಣಾ, ನನಗ ಇವರ ಮಾತು ತಿಳಿಯಾಂಗಿಲ್ಲ. ಹಡಗ ಬಲ್ಲಾವ ನೀ ಒಬ್ಬನ. ನೀ ಹೇಳು. ಹಡಗ ಬರ್ತಾವೇನು?"

ಕಾಕಾ ನನ್ನ ಕಡೆ ನೋಡಿದರು. ನಾನು ಹೇಳಿರಿ ಎಂಬಂತೆ ಗೋಣು ಆಡಿಸಿದೆ.

"ಬರ್ತಾವ ತಂಗಿ" ಎಂದರು.

ಯಾವಾಗ ಎಂದು ಅವಳು ಕೇಳಲಿಲ್ಲ. ಚೀಟಿ ಬಂದ ಮೇಲೆ ಯಾವಾಗ ಎಂದು ಕೇಳುವ ರೂಢಿ ನಮ್ಮಲ್ಲಿ ಇಲ್ಲವಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು. ನಾಲ್ಕೇ ದಿನದಲ್ಲಿ ಜೆಸಿಬಿ ಬಂದು ಎದೆಮಟ್ಟದ ಕಬ್ಬನ್ನು ಬೇರುಸಹಿತ ಕಿತ್ತಿತು. ಟಾಕಿ ಕೂರಬೇಕಾದರೆ ಎರೆಮಣ್ಣು ಇರಬಾರದು, ಬಿರಿಯುತ್ತದೆ. ಅದನ್ನೆಲ್ಲ ಬಳಿದು ಟ್ರಾಕ್ಟರಿನಲ್ಲಿ ಸಾಗಿಸಿದರು. ಅದರ ಜಾಗದಲ್ಲಿ ಗಟ್ಟಿ ಕಲ್ಲುಮಣ್ಣಿನ ಗರಸು ತುಂಬಿ ರೋಲರ್ ಹೊಡೆದರು. ಆ ಮಣ್ಣು ಯಾವ ಯಾವ ಹೊಲಕ್ಕೆ ಹೋಯಿತೋ, ಇವತ್ತಿಗೂ ಲೆಕ್ಕವಿಲ್ಲ.

ಅಂಗಳ ಆಯಿತು. ಬೆಳ್ಳಗೆ ಹೊಳೆಯುವ ಎರಡು ಟಾಕಿಗಳು ನಿಂತವು. ಯಂತ್ರ ಮಾತ್ರ ಬರಲಿಲ್ಲ. ಬಂದರಿನಲ್ಲಿ ಕೆಲಸ ಶುರುವಾಗಲಿ ಎಂದರು ಕಂಪನಿಯವರು. ಆಮೇಲೆ ಹಡಗಿನವರ ಒಪ್ಪಂದ ಆಗಲಿ ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಬಾಡಿಗೆಯೂ ನಿಂತಿತು, ಮಗಳ ನೌಕರಿಯ ಮಾತೂ ನಿಂತಿತು.

ಒಂದು ದಿನ ಕಾಕಾ ಯಾರಿಗೂ ಹೇಳದೆ ಬಸ್ಸು ಹತ್ತಿ ಹುಕ್ಕೇರಿ ಕಡೆಗೆ ಹೋಗಿ ಬಂದರು. ಸಂಜೆ ಅಂಗಡಿಗೆ ಬಂದು ನಿಂತಾಗ ಅವರ ಮುಖ ಸುಣ್ಣ ಬಳಿದಂತಿತ್ತು.

"ಅಲ್ಲೆ ಯಾರೂ ಕಟ್ಟಿಲ್ಲೋ ಮಾರುತಿ. ಒಂದ ಇಟ್ಟಂಗಿನೂ ಇಟ್ಟಿಲ್ಲ. ಕುಲಗೋಡದವ್ರು ತಯಾರ ಆಗ್ಯಾರ, ನೀವು ತಡಾ ಮಾಡಬ್ಯಾಡ್ರಿ ಅಂತ ಕಂಪನಿಯಾವ ಅವರಿಗೆ ಹೇಳಿದ್ನಂತ. ಅವರು ಕುಲಗೋಡದವ್ರು ಮೊದಲ ಮಾಡ್ಲಿ, ನಾವು ನೋಡೂಣು ಅಂದ್ರಂತ."

ನಾನು ಮೋಟರಿನ ತಂತಿ ಸುತ್ತುತ್ತಲೇ ಇದ್ದೆ.

ಅಲ್ಲಿಂದ ಮುಂದೆ ಕಾಕಾ ದಿನಾ ಬೆಳಿಗ್ಗೆ ಗ್ರೀಸಿನ ಡಬ್ಬಿ ಹಿಡಿದು ಖಾಲಿ ಟಾಕಿಗಳ ಹತ್ತಿರ ಹೋಗತೊಡಗಿದರು. ಒಂದೊಂದು ವಾಲ್ವನ್ನೂ ಪೂರ್ತಿ ತಿರುಗಿಸಿ ಮತ್ತೆ ಮುಚ್ಚುವುದು, ಏಣಿ ಹತ್ತಿ ಮುಚ್ಚಳ ತೆಗೆದು ಒಳಗೆ ನೋಡುವುದು, ಬಣ್ಣ ಎದ್ದಲ್ಲಿ ತಿಕ್ಕುವುದು. "ಓಡೂ ಎಂಜಿನ್‌ಗಿಂತ ನಿಂತದ್ದ ಲಗೂ ಕೆಡತೈತಿ. ನಾಳೆ ಹಡಗ ಬಂದಾಗ ಟಾಕಿ ತೂತ ಬಿದ್ದಿದ್ರ?" ಎನ್ನುತ್ತಿದ್ದರು. ಬಸ್ಸಿಗೆ ಕಾಯುವವರು ಮೊದಮೊದಲು ಚೇಷ್ಟೆ ಮಾಡುತ್ತಿದ್ದರು. "ಕಾಕಾರ, ಹಡಗ ಘಟಪ್ರಭಾ ದಾಟಿ ಬಂತೇನ್ರಿ?" ಕಾಕಾ ನಕ್ಕು ಕೈ ಬೀಸುತ್ತಿದ್ದರು. ಬರಬರುತ್ತ ಆ ಪ್ರಶ್ನೆಯಲ್ಲಿ ನಗು ಉಳಿಯಲಿಲ್ಲ.

ಮರುವರ್ಷದ ಸಭೆಯಲ್ಲಿ ಮಾತು ನೇರವಾಗಿ ಅವರ ಮೇಲೆ ಬಂತು. ಕಂಪನಿಯವನು ಕೈಗೆ ಸಿಗುವವನಲ್ಲ. ಕೈಗೆ ಸಿಕ್ಕವರು ಕಾಕಾ. ನೀವು ಬರ್ತಾವ ಅಂದಿದ್ದಕ್ಕೇ ನಾವು ಹೂಂ ಅಂದದ್ದು ಎಂದು ನಾಲ್ಕು ಕಡೆಯಿಂದ ಕೂಗಿದರು. ಕಾಕಾ ಎದ್ದು ನಿಂತರು. ಇಷ್ಟು ಎತ್ತರದ ಮನುಷ್ಯ ಅಷ್ಟು ಗಿಡ್ಡ ಕಂಡದ್ದು ಅವತ್ತೇ.

"ಹಡಗ ಬರ್ತಾವ ಅನ್ನೂದು ಗೊತ್ತಿತ್ತು. ಯಾವಾಗ ಅನ್ನೂದು ಗೊತ್ತಿರಲಿಲ್ಲ. ಎರಡು ವರ್ಷ ತಡೀಬೇಕು ಅಂತ ನನ್ನ ಮನಸ್ಸಿಗೆ ಬಂದಿತ್ತು. ಹೇಳಲಿಲ್ಲ. ತಪ್ಪ ನಂದು" ಎಂದರು.

"ಮನಸ್ಸಿನ್ಯಾಗ ಇದ್ದದ್ದ ಬಾಯಿಗ್ಯಾಕ ಬರ್ಲಿಲ್ಲ?" ಎಂದು ಕೇಳಿದವಳು ಸಂಗವ್ವಕ್ಕ.

ಈ ಸಲ ಕಾಕಾ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ನನಗೆ ಗೊತ್ತು. "ಹೇಳಬೇಕಿತ್ತು ತಂಗಿ, ಹೇಳಲಿಲ್ಲ" ಎಂದಷ್ಟೇ ಹೇಳಿ ಕುಳಿತರು. ನಾನು ಮೂರನೇ ಸಾಲಿನಲ್ಲಿದ್ದೆ. ಎದ್ದು ನಿಲ್ಲಲಿಲ್ಲ. ಆ ಗೋದಾಮಿನಲ್ಲಿ ಕುಳಿತಿದ್ದ ಪ್ರತಿಯೊಬ್ಬನ ಮೋಟರೂ ನನ್ನ ಅಂಗಡಿಗೇ ಬರುವುದು ಎಂಬುದೊಂದೇ ಆಗ ನೆನಪಿಗೆ ಬಂದದ್ದು. ಹೇಡಿತನಕ್ಕೆ ಇನ್ನೇನು ಹೆಸರಿಡಲಿ?

ಅದಾದ ಮೇಲೆ ಅವರನ್ನು ಹೊಲಕ್ಕೆ ಕರೆಯಲು ಯಾರೂ ಬೈಕ್ ತರಲಿಲ್ಲ. ಕೆಟ್ಟ ಮೋಟರುಗಳು ನೇರವಾಗಿ ನನ್ನ ಹತ್ತಿರವೇ ಬಂದವು. ಕಾಕಾ ಬೆಂಚಿನ ಮೇಲಿದ್ದರೆ ಗಿರಾಕಿಗಳು ಹೊರಗೇ ನಿಂತು ಮಾತಾಡಿಸುತ್ತಿದ್ದರು. ಅದನ್ನು ಗಮನಿಸಿ ಅವರು ಬೆಂಚಿಗೆ ಬರುವುದನ್ನೇ ಕಡಿಮೆ ಮಾಡಿದರು. ತಮ್ಮ ಹೊಲವನ್ನು ಸಂಗವ್ವಕ್ಕ ಮಾಡಿಕೊಳ್ಳಲಿ ಎಂದು ನನ್ನ ಕೈಯಲ್ಲಿ ಹೇಳಿ ಕಳಿಸಿದರು. ಅವಳು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗತೊಡಗಿದ್ದಳು. "ಅವನ ಹೊಲಾ ಅವಗ ಇರ್ಲಿ. ನನಗ ನನ್ನ ಮಣ್ಣ ಬೇಕಿತ್ತು" ಎಂದಳು. ನಾನು ಆ ಮಾತನ್ನು ಹಾಗೆಯೇ ಕಾಕಾಗೆ ಮುಟ್ಟಿಸಿದೆ. ಮುಟ್ಟಿಸಬಾರದಿತ್ತು. ಮರುದಿನದಿಂದ ಅವರು ಟಾಕಿಗಳ ಹಿಂದೆ ಕಾಂಕ್ರೀಟ್ ಇಲ್ಲದ ಒಂದು ಪಟ್ಟಿಯಲ್ಲಿ ಗರಸು ಅಗೆಯಲು ಶುರು ಮಾಡಿದರು. ತಮ್ಮ ಹೊಲದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದರು. ಗೇಣು ಅಗೆದರೆ ಕಲ್ಲು, ಮತ್ತೆ ಅಗೆದರೆ ಮತ್ತೆ ಕಲ್ಲು. ವಯಸ್ಸು ಎಪ್ಪತ್ತರ ಹತ್ತಿರ. ಬೇಡ ಎಂದರೆ ಕೇಳಲಿಲ್ಲ. ಸಂಗವ್ವಕ್ಕ ಕೂಲಿಗೆ ಹೋಗುವ ದಾರಿ ಅದೇ. ಎರಡು ವರ್ಷ ದಿನಾ ನೋಡಿದಳು, ಮಾತಾಡಿಸಲಿಲ್ಲ.

ಅಲ್ಲೇ ಒಂದು ಮಧ್ಯಾಹ್ನ ಕುಸಿದು ಕುಳಿತರು. ಎದೆ ಹಿಡಿದಿತ್ತು. ಗೋಕಾಕದ ಆಸ್ಪತ್ರೆಗೆ ಸೇರಿಸಿದೆವು. ಎರಡನೇ ದಿನ ಮಾತಾಡುವಷ್ಟು ಚೇತರಿಸಿಕೊಂಡಿದ್ದರು. ನಾನು ಹೋದ ಕೂಡಲೇ ಕೇಳಿದ್ದು, "ವಾಲ್ವ್ ತಿರುವಿದ್ಯೇನು?" ಎಂದು.

"ತಿರುವೇನ್ರಿ" ಎಂದು ಸುಳ್ಳು ಹೇಳಿದೆ. ಆಮೇಲೆ ಧೈರ್ಯ ಮಾಡಿ, "ಕಾಕಾ, ನೀವು ತಡೀರಿ ಅಂದದ್ದು, ನಾ ಬಾಯಿ ಮುಚ್ಚಿಸಿದ್ದು, ಎಲ್ಲಾ ಮಂದಿ ಮುಂದ ಹೇಳಿಬಿಡತೇನ್ರಿ" ಎಂದೆ.

ಅವರು ಸಲೈನ್ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿದರು, ಮೋಟರಿನ ಸದ್ದು ಕೇಳುವಾಗ ನಮ್ಮನ್ನು ಸುಮ್ಮನಾಗಿಸುತ್ತಿದ್ದ ಹಾಗೆ.

"ಈಗ ಬ್ಯಾಡ. ನಿನ್ನ ಅಂಗಡಿ ಊರಾಗ ನಡೀಬೇಕು, ಮಕ್ಕಳು ಸಣ್ಣವು ಅದಾವು. ನನಗೇನ್ ಆಗೂದೈತಿ? ನಾ ಆರಾಮ ಆಗಿ ಬರ್ತೇನಿ, ಆಮ್ಯಾಲ ಕುಂತು ವಿಚಾರ ಮಾಡೂಣು."

ನನಗೆ ಆ ಕ್ಷಣ ಹಗುರವಾಯಿತು. ಆ ಹಗುರವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರು ಆರಾಮ ಆಗಲಿಲ್ಲ. ಮೂರು ದಿನಕ್ಕೆ ಅವರನ್ನು ಊರಿಗೆ ತಂದೆವು. ಮಣ್ಣಿಗೆ ಬಂದವರು ಕಡಿಮೆ. ಬಂದವರೂ ಗುಂಪಾಗಿ ನಿಂತು ಟಾಕಿಯ ಮಾತನ್ನೇ ಆಡಿದರು.

ತಿಂಗಳು ಕಳೆದ ಮೇಲೆ ನಾನು ನಾಗನೂರಿನ ದಾರಿಯ ಹೊಲವೊಂದಕ್ಕೆ ಸಂಗವ್ವಕ್ಕನನ್ನು ಹುಡುಕಿಕೊಂಡು ಹೋದೆ. ಯಾರದೋ ಕಬ್ಬಿನಲ್ಲಿ ರವದಿ ಸುಲಿಯುತ್ತಿದ್ದಳು. ಬದುವಿನ ಮೇಲೆ ನಿಂತು ಹೇಳತೊಡಗಿದೆ. ಸಭೆಯ ಹಿಂದಿನ ದಿನ ಕಾಕಾ ಹೇಳಿದ ಎರಡು ಬಂದರುಗಳ ಕಥೆ, "ಸಂಗವ್ವಗ ಕಾಯೂ ತಾಕತ್ತ ಎಲ್ಲೈತಿ" ಎಂದು ಅವರು ಕೇಳಿದ್ದು, ಹೇಳಬೇಡಿ ಎಂದು ನಾನು ಅಡ್ಡ ಬಂದದ್ದು, ಯಾವ ಆಸೆಗೆ ಬಂದದ್ದು, ಸಭೆಯಲ್ಲಿ ಅವರು ನನ್ನ ಮುಖ ನೋಡಿದಾಗ ಗೋಣು ಆಡಿಸಿದ್ದು, ಆಮೇಲೆ ಎಲ್ಲವನ್ನೂ ಅವರು ಒಬ್ಬರೇ ಮೈಮೇಲೆ ಹಾಕಿಕೊಂಡದ್ದು. ಒಂದನ್ನೂ ಬಿಡಲಿಲ್ಲ. ಬಯ್ಯುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದೆ. ಅವಳು ರವದಿ ಸುಲಿಯುವುದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಮುಗಿಸುವವರೆಗೂ ಕೇಳಿದಳು.

"ಎರಡು ವರ್ಷ ನಾ ಅವನ ಜೋಡಿ ಮಾತ ಬಿಟ್ಟಿದ್ನಿ" ಎಂದಳು. "ದಿನಾ ಬಾಜೂಕ ಹಾಯ್ದು ಹೋಗತಿದ್ನಿ. ಬುಟ್ಟಿ ಹೊತಗೊಂಡು ನಿಂತು ನನ್ನ ಮಾರಿ ನೋಡ್ತಿದ್ದ. ನೀ ಅವ ಇದ್ದಾಗ ಹೇಳಬೇಕಿತ್ತೋ ಮಾರುತಿ."

ಅಷ್ಟು ಹೇಳಿ ಕಬ್ಬಿನ ಸಾಲಿನೊಳಗೆ ಹೋದಳು. ಎಲೆ ಸುಲಿಯುವ ಸದ್ದು ಮತ್ತೆ ಕೇಳಿಸತೊಡಗಿತು. ನಾನು ಇನ್ನಷ್ಟು ಹೊತ್ತು ಬದುವಿನ ಮೇಲೆಯೇ ನಿಂತಿದ್ದೆ. ಅವಳು ಹೊರಗೆ ಬರಲಿಲ್ಲ.